ಆರುನೂರು, ಇದೆ

ಮಂಗಳವಾರ ನಾನು ಗಿರಾಕಿಯ ವೇಷ ಹಾಕುತ್ತೇನೆ.
ಕಂಪನಿಯ ಅಂಗಿ ಕಳಚಿ ಚೀಲಕ್ಕೆ ತುರುಕಿ
ರುವಿಯ ಗಡಿಯಾರ ಗೋಪುರ ದಾಟಿ
ಹಮ್ರಿಯಾದ ಗಲ್ಲಿಗೆ ಇಳಿಯುತ್ತೇನೆ.
ಕಿಸೆಯಲ್ಲಿ ಮೋಟು ಪೆನ್ಸಿಲು, ಮಡಚಿದ ಹಾಳೆ:
ಈರುಳ್ಳಿ, ಮೊಟ್ಟೆ, ಕುಚ್ಚಲಕ್ಕಿ, ದೋಸೆಹಿಟ್ಟು,
ಒಂದೊಂದಕ್ಕೂ ಎದುರಿಗೆ ಖಾಲಿ ಚೌಕ.
ನನ್ನ ಹುದ್ದೆಯ ಹೆಸರು ಉದ್ದ. ಕೆಲಸ ಇಷ್ಟೇ:
ಹತ್ತೊಂಬತ್ತು ಮಳಿಗೆಗಳ ದೊಡ್ಡ ಧಣಿಗೆ
ಸಣ್ಣವರ ಬೆಲೆ ಕದ್ದು ತರುವುದು.

ಪುತ್ತಬ್ಬಾಕನ ಅಂಗಡಿಯಲ್ಲಿ
ಒಬ್ಬ ಒಳಹೋಗಬೇಕಾದರೆ ಒಬ್ಬ ಹೊರಬರಬೇಕು.
ಒಂಟಿ ಮೊಟ್ಟೆ ಮಾರುತ್ತಾನೆ, ಸೋರೆಕಾಯಿಯ ಕಾಲು ಭಾಗ,
ಲಿಫ್ಟು ಕೆಟ್ಟ ದಿನವೂ ಐದನೇ ಮಾಳಿಗೆಗೆ
ಎರಡು ಹಸಿಮೆಣಸು ಹತ್ತಿಸುತ್ತಾನೆ.
ಸಾಲದ ಪುಸ್ತಕದಲ್ಲಿ ಯಾರಿಗೂ ಹೆಸರಿಲ್ಲ:
ನೀಲಿ ಬಾಗಿಲು, ಎರಡು ರಿಯಾಲ್.
ಕೆಮ್ಮುವ ಡ್ರೈವರ್, ಆರು.
ಅವಳಿ ಮಕ್ಕಳ ತಾಯಿ, ಮುಂದೆ ಗೆರೆ ಎಳೆದು ಬಿಟ್ಟಿದ್ದಾನೆ.
ಇದಕ್ಕೆಲ್ಲ ನನ್ನ ಹಾಳೆಯಲ್ಲಿ ಚೌಕವಿಲ್ಲ.

ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ ಸೆರಫಿನ್ ಬಾಯಿಯ ಹಿಟ್ಟು.
ಲಾಂಡ್ರಿಯ ಹಿಂದಿನ ಕೋಣೆ, ಎರಡು ಗ್ರೈಂಡರು,
ಗೋಡೆಗೆ ಅಂಟಿಸಿದ ಮುನ್ಸಿಪಾಲಿಟಿಯ ಪರವಾನಗಿ,
ದಿನಕ್ಕೆ ನಲವತ್ತೇ ಪೊಟ್ಟಣ.
ಜೂನಿನಲ್ಲಿ ಉದ್ದು ಎಷ್ಟು ಹೊತ್ತು ನೆನೆಯಬೇಕೆಂದು
ಕಿಟಕಿಯಾಚೆ ಕೈ ಚಾಚಿ ಹೇಳುತ್ತಾಳೆ.
ಶಿರ್ವದಲ್ಲಿ ರಾತ್ರಿಯಿಡೀ ಬರುವ ಹುಳಿ
ಇಲ್ಲಿ ಮೂರು ಗಂಟೆಯಲ್ಲಿ ಪಾತ್ರೆ ದಾಟಿ ನೆಲಕ್ಕಿಳಿಯುತ್ತದೆ.
ಆರುನೂರು ಬೈಸಾ. ಬರೆದುಕೊಂಡೆ.

ನಮ್ಮ ಹಿಟ್ಟು ಎಂಟುನೂರೈವತ್ತಕ್ಕೆ ಕಾಲಿಟ್ಟಿತ್ತು,
ಮುಚ್ಚಳ, ಮುದ್ರೆ, ನಗುವ ಹೆಂಗಸಿನ ಚಿತ್ರ ಸಮೇತ.
ನನ್ನ ಹಾಳೆ ಮೇಲೆ ತಲುಪಿದ ಮೂರನೇ ದಿನ
ಐನೂರ ತೊಂಬತ್ತಕ್ಕೆ ಇಳಿದು ಕೂತಿತು.
ಸೊಹಾರಿನಲ್ಲಿ, ನಿಜ್ವಾದಲ್ಲಿ, ಸಲಾಲಾದ ಮಂಜಿನಲ್ಲಿ
ಈ ಗಲ್ಲಿಯ ಹೆಸರೂ ಕೇಳದವರು
ಕಾವಲಿ ಕಾಯಿಸಿ ದೋಸೆ ಹೊಯ್ದರು,
ಇನ್ನೂರರವತ್ತು ಬೈಸಾ ಕಿಸೆಯಲ್ಲೇ ಉಳಿದದ್ದು
ಯಾರ ದೆಸೆಯಿಂದ ಎಂದು ತಿಳಿಯದೆ.

ಸೆರಫಿನ್ ಬಾಯಿ ಬೆಲೆ ಇಳಿಸಲಿಲ್ಲ.
ಪೊಟ್ಟಣದ ಮೇಲೆ ರುಬ್ಬಿದ ಗಂಟೆ ಬರೆಯತೊಡಗಿದಳು, ಅಷ್ಟೇ.
ನಲವತ್ತೂ ಸಂಜೆಯೊಳಗೆ ಖರ್ಚು.
ಹತ್ತು ಬೈಸಾ ಹೆಚ್ಚು ಕೊಟ್ಟು ಜನ ಅಲ್ಲೇ ಯಾಕೆ ಹೋಗುತ್ತಾರೆ,
ಮೇಲಿನವರು ಕೇಳಿದರು.
'ಕಾರಣ' ಎಂಬ ಚೌಕ ನನ್ನ ಉಗುರಿನಷ್ಟು.
'ರೂಢಿ' ಎಂದು ತುಂಬಿಸಿದೆ.

ಮಗಳ ಬಾಣಂತನಕ್ಕೆ ಆಕೆ ಊರಿಗೆ ಹೋದಳು.
ಕೆಳಗಿನ ಹಲಗೆಯಲ್ಲಿ ಈಗ ನಿಂಬೆಹಣ್ಣು.
ಮೊದಲ ಮಂಗಳವಾರ ಬರೆದೆ: ಆರುನೂರು, ಇದೆ.
ಎರಡನೆಯದಕ್ಕೂ: ಇದೆ.
ಇಲ್ಲದ ಹಿಟ್ಟು ಹದಿನಾಲ್ಕು ದಿನ
ಹತ್ತೊಂಬತ್ತು ಮಳಿಗೆಗಳನ್ನು ಅಂಕೆಯಲ್ಲಿಟ್ಟಿತು.
ಮೂರನೆಯ ವಾರ ಪೊಟ್ಟಣದ ಫೋಟೋ ಕೇಳಿದರು.
ಬರೆದೆ: ಇಲ್ಲ.
ಆ ಸಂಜೆಯೇ ಎಂಟುನೂರೈವತ್ತರ ಚೀಟಿ ಬಂತು,
ಕಪಾಟಿಗೆ ನಾನೇ ಅಂಟಿಸಿದೆ.
ಅಂಟು ಬೆರಳಿಗೆ ಹತ್ತಿತ್ತು. ತೊಳೆದೆ, ಹೋಯಿತು.

ಇವತ್ತು ಮತ್ತೆ ಮಂಗಳವಾರ.
ನಿಂಬೆಹಣ್ಣು ಮೇಲಿನ ಹಲಗೆಗೆ ಹೋಗಿದೆ, ಕೆಳಗೆ ಹಿಟ್ಟು:
ಬೆಳಗಿನ ಐದೂಕಾಲು, ಅದೇ ಓರೆ ಅಕ್ಷರ.
ಬೆಲೆ ಆರುನೂರೈವತ್ತು. ಉದ್ದು ತುಟ್ಟಿಯಂತೆ.
ಗೋಡೆಯ ಕಡೆ ತಿರುಗಿ ಪೆನ್ಸಿಲು ತೆಗೆದೆ, ಮೊನೆ ಮುರಿದಿತ್ತು.
"ಎಂತ ಮಾರಾಯ, ಇಕೋ" ಎಂದು ಪುತ್ತಬ್ಬಾಕ
ಕಿವಿಯ ಸಂದಿನ ಪೆನ್ನು ಕೊಟ್ಟ.
"ದೊಡ್ಡಕ್ಷರದಲ್ಲಿ ಬರೆ.
ನಿನ್ನ ಧಣಿಗೆ ಸಣ್ಣದು ಕಾಣುವುದು ಕಷ್ಟ."

ಬರೆದು ಪೆನ್ನು ವಾಪಸು ಕೊಟ್ಟೆ.
ಒಂದು ಪೊಟ್ಟಣ, ಎರಡು ಮೊಟ್ಟೆ ಎಂದೆ.
ಅವನು ಪುಸ್ತಕ ಬಿಡಿಸಿದ.
ಎದುರಿಗೆ ನಿಂತು ತಲೆಕೆಳಗಾಗಿ ಓದಿದೆ
ಎಷ್ಟೋ ತಿಂಗಳಿಂದ ಅಲ್ಲಿರುವ ನನ್ನ ಹೆಸರು:
ಬೆಲೆ ನೋಡುವವ, ಮೂರು ರಿಯಾಲ್ ನಾನೂರು.