ಒಳಗೆ ಬಿಟ್ಟ ಬಟ್ಟೆ

ಪರದೆಯ ಆಚೆಯಿಂದ ರುಕ್ಮಾ ಕೂಗುತ್ತಾಳೆ:
ಸೊಂಟ ಇಪ್ಪತ್ತಾರೂವರೆ, ಉದ್ದ ಹದಿನೇಳು.
ಈಚೆ ಕೂತು ನಾನು ಬರೆದುಕೊಳ್ಳುತ್ತೇನೆ.
ಕಾಟನ್‌ಪೇಟೆಯ ಈ ಅಂಗಡಿಯಲ್ಲಿ ಮೂವತ್ತು ವರ್ಷ
ನಡೆದದ್ದು ಇಷ್ಟೇ.

ಪುಟದ ತಲೆಯಲ್ಲಿ ಹೆಸರಿದೆ: ಮಿಕಾನ್ ಐದು.
ಮಿಕಾನ್ ಅಂದರೆ ಜಪಾನಿನಲ್ಲಿ ಕಿತ್ತಳೆ ಅಂಕಲ್,
ಸುಲಿದರೆ ತೊಳೆ ತೊಳೆ, ಬಿಟ್ಟರೆ ಒಂದೇ ಹಣ್ಣು.
ಕಾಲೇಜಿನ ಚೀಲ ಹೆಗಲಲ್ಲೇ ಇತ್ತು ಐವರಿಗೂ.
ಫೋನಿನಲ್ಲಿ ತೋರಿಸಿದರು: ಟೋಕಿಯೋದ ಯಾವುದೋ ವೇದಿಕೆ,
ಲೆಕ್ಕಕ್ಕೆ ಸಿಗದಷ್ಟು ಹುಡುಗಿಯರು, ಎಲ್ಲರಿಗೂ ಒಂದೇ ನಗು.
ನನ್ನ ಕಣ್ಣಿಗೆ ಬಿದ್ದದ್ದು ನೆರಿಗೆ ಮಾತ್ರ.
ಬಾಕ್ಸ್ ಪ್ಲೀಟು, ಕೆಳಗೆ ಮೂರು ಪದರ ನೆಟ್ಟು.

ಒಬ್ಬೊಬ್ಬಳಿಗೆ ಒಂದು ಬಣ್ಣ, ಅದು ಅಲ್ಲಿಯ ಕಟ್ಟಳೆ.
ಇಂಚರಳಿಗೆ ಕೆಂಪು. ನಡುವೆ ನಿಲ್ಲುವವಳು ಅವಳು.
ನೌಶೀನಳಿಗೆ ಹಸಿರು, ಒಳಗೆ ಪಾದದವರೆಗೂ ಲೆಗ್ಗಿಂಗು,
ಅದು ಅವರಮ್ಮನ ಕಟ್ಟಳೆ.
ಜೆಸಿಂತಾ ಹಳದಿ, ಪೂರ್ವಿಕಾ ನೀಲಿ.
ಧೃತಿಗೆ ಉಳಿದದ್ದು ನೇರಳೆ, ತುದಿಯ ಜಾಗ.
ಸ್ಯಾಟಿನ್ ತರಲು ಚಿಕ್ಕಪೇಟೆಗೆ ನಾನೇ ಹೋದೆ.
ಮುಂಗಡ ಮುನ್ನೂರು, ಎಲ್ಲ ಹತ್ತರ ನೋಟು.

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ
ಬಿದಿರು ಮೆಳೆಯ ಹಿಂದೆ ಅಭ್ಯಾಸ.
ವಾಕಿಂಗಿನ ಹಿರಿಯರು ನಿಂತು ನೋಡಿ,
ಇದು ಯೋಗಾಸನವೇ ಎಂದು ಕೇಳಿ, ಮುಂದೆ ಹೋಗುತ್ತಿದ್ದರಂತೆ.

ಜಪಾನಿ ಹಬ್ಬದ ಆ ಮೊದಲ ಸಭಾಂಗಣ.
ದೀಪ ಆರಿದ್ದೇ ತಡ, ಹುಡುಗರು ಬಣ್ಣದ ಬೆಳಕಿನ ಕಡ್ಡಿ ಬೀಸಿದರು:
ಕೆಂಪು, ಕೆಂಪು, ಕೆಂಪು, ಅಲ್ಲೊಂದು ಇಲ್ಲೊಂದು ಹಳದಿ.
ನೇರಳೆ ಒಂದೇ ಒಂದು.
ಹಿಡಿದಿದ್ದವಳು ರುಕ್ಮಾ.
ಎಲ್ಲಿ ಕೊಂಡಳೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಆಮೇಲೆ ಚೆನ್ನೈ. ಆಮೇಲೆ ಹೈದರಾಬಾದು, ಎರಡನೇ ಬಹುಮಾನ,
ರೈಲಿನಲ್ಲಿ ಕಪ್ಪಿನ ಹಿಡಿ ಮುರಿದು
ಅಂಟಿಸಿಕೊಡಿ ಎಂದು ನನ್ನ ಹತ್ತಿರವೇ ತಂದರು.
ವೈಟ್‌ಫೀಲ್ಡಿನ ಮಾಲಿನಲ್ಲಿ ನಡು ಹಾಡಿಗೆ ಕರೆಂಟು ಹೋಯಿತು.
ಹಾಡು ನಿಂತರೂ ಕಾಲು ನಿಲ್ಲಲಿಲ್ಲ.
ಮೂರು ನಿಮಿಷ ಹತ್ತು ಬೂಟುಗಳ ಸದ್ದೊಂದೇ,
ಎಸ್ಕಲೇಟರಿನ ಮೇಲೆ ನಿಂತುಬಿಟ್ಟ ಜನ.

ಬಿಟ್ಟು ಹೋಗುವುದಕ್ಕೆ ಅಲ್ಲಿ ಪದವಿ ಎನ್ನುತ್ತಾರಂತೆ.
ಇಂಚರಳ ಪದವಿಗೆ ಬಿಳಿ ಗೌನು ಹೊಲಿದೆ,
ಕೊರಳ ಸುತ್ತ ನೂರ ಹನ್ನೆರಡು ಮುತ್ತು, ಎಲ್ಲ ಕೈಯಲ್ಲೇ.
ನೌಶೀನಳ ಪದವಿಗೆ ಏನೂ ಹೊಲಿಯಲಿಲ್ಲ.
ಒಂದು ಗುರುವಾರ ಹಸಿರು ಲಂಗ ಮಡಿಸಿ ಮೇಜಿನ ಮೇಲಿಟ್ಟು
ನಿಮ್ಮಲ್ಲೇ ಇರಲಿ ಅಂಕಲ್ ಎಂದಳು.
ಜೆಸಿಂತಾಳದು ಮಂಡಿ. ಡಾಕ್ಟರು ಬೇಡವೆಂದರು.
ಪೂರ್ವಿಕಾ ಸುಮ್ಮನೆ ಬರುವುದು ನಿಲ್ಲಿಸಿದಳು,
ಇನ್ನೂರೈವತ್ತು ಬಾಕಿ.
ಹೆಸರುಗಳ ಮೇಲೆ ಗೆರೆ ಎಳೆಯಲು
ಯಾಕೋ ಮನಸ್ಸಾಗಲಿಲ್ಲ ನನಗೆ.

ನಿನ್ನೆ ಧೃತಿ ಬಂದಳು. ಆರು ವರ್ಷ.
ಕೊರಳಲ್ಲಿ ಲ್ಯಾಬಿನ ಗುರುತಿನ ಚೀಟಿ, ಕೈಯಲ್ಲಿ ನೇರಳೆ ಲಂಗ.
ಸ್ವಲ್ಪ ಬಿಡಿಸಿಕೊಡಿ, ಶನಿವಾರ ಹಾಕಬೇಕು.
ಎಲ್ಲಿಗೆ, ಯಾರ ಜೊತೆ, ಕೇಳಲಿಲ್ಲ.
ಇಪ್ಪತ್ತೊಂಬತ್ತು, ಕೂಗಿದಳು ರುಕ್ಮಾ, ಅಗತ್ಯಕ್ಕಿಂತ ಜೋರಾಗಿ.

ಬೆಳೆಯುವ ಮಕ್ಕಳ ಬಟ್ಟೆಗೆ
ಒಳಗೆ ಎರಡಿಂಚು ಬಿಟ್ಟೇ ಹೊಲಿಯುವುದು ನಮ್ಮಪ್ಪ ಕಲಿಸಿದ ಪಾಠ.
ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ.
ಹೊರಗೆಲ್ಲ ಬೂದಿ ಬಡಿದ ನೇರಳೆ, ವೇದಿಕೆಯ ದೀಪ ತಿಂದ ಬಣ್ಣ.
ಒಳಗಿನ ಎರಡಿಂಚು ಮಾತ್ರ
ಚಿಕ್ಕಪೇಟೆಯ ಥಾನಿನಿಂದ ಆಗತಾನೇ ಹರಿದಂತಿತ್ತು.

ಪಟ್ಟೆ ಎದ್ದು ಕಾಣುತ್ತೆ ಕಣಮ್ಮ, ಲೇಸು ಹಚ್ಚಿ ಮುಚ್ಚಲಾ?
ಅವಳು ಬೆರಳಿಟ್ಟು ನೋಡಿದಳು ತುಂಬ ಹೊತ್ತು.
ಹೊರಗೆ ಆಟೋದವನು ಹಾರನ್ನು ಒತ್ತುತ್ತಲೇ ಇದ್ದ.
ಬೇಡ, ಎಂದಳು.

ಹಳೇ ಪುಟದಲ್ಲೇ ಜಾಗ ಹುಡುಕಿ ಬರೆದೆ:
ನೇರಳೆ. ಸೊಂಟ ಇಪ್ಪತ್ತೊಂಬತ್ತು. ಶುಕ್ರವಾರ ಸಂಜೆಯೊಳಗೆ.