ಒಂದು ಜಿಬಿಯ ದಾರಿ

ಪೋರ್ಟ್ ಅಗಸ್ಟಾದಲ್ಲಿ ಡೀಸೆಲ್ ತುಂಬಿಸುವಾಗಲೇ
ಲೆಕ್ಕ ಹಾಕಿಕೊಳ್ಳಬೇಕು. ಮುಂದೆ ರೇಡಿಯೋ ಸಿಗುವುದಿಲ್ಲ.
ಕೊರಳಲ್ಲಿ ತಾಯಿತದ ಹಾಗೆ ತೂಗುವ ಪ್ಲೇಯರು:
ಬೆಂಕಿಪೊಟ್ಟಣದಷ್ಟು ಗಾತ್ರ, ಒಂದೇ ಜಿಬಿ,
ಸೆಲ್ಲಿನ ಮುಚ್ಚಳ ನಿಲ್ಲಲೆಂದು ಅಂಟುಪಟ್ಟಿ.

ಸೀಡಿಯಲ್ಲಿದ್ದ ಹಾಗೆಯೇ ಇಳಿಸಿದರೆ
ಕಿಂಬಾದ ಗೋಧಿ ಕಣಜ ಕಾಣುವಷ್ಟರಲ್ಲಿ ಎಲ್ಲ ಖಾಲಿ.
ಮುನ್ನೂರ ಇಪ್ಪತ್ತಕ್ಕೆ ಹಿಂಡಿದರೆ ನುಂಡ್ರೂವರೆಗೆ.
ನೂರ ಇಪ್ಪತ್ತೆಂಟಕ್ಕೆ ಹಿಂಡಿದರೆ, ದೇವರು ದೊಡ್ಡವನು,
ಹೆಚ್ಚುಕಡಿಮೆ ನಾರ್ಸ್‌ಮನ್ನಿನ ದೀಪ ಕಾಣುವ ತನಕ
ಯಾರಾದರೊಬ್ಬರು ಹಾಡುತ್ತಲೇ ಇರುತ್ತಾರೆ.

ನಾನು ನೂರ ಇಪ್ಪತ್ತೆಂಟರ ಗಿರಾಕಿ.
ಎರಡು ಟ್ರೇಲರು ಎಳೆಯುವ ಎಂಜಿನ್ನಿನ ಗದ್ದಲದಲ್ಲಿ
ಯಾರ ಮುರ್ಕಿ, ಯಾರ ಮೀಂಡು ಉಳಿದೀತು?
ತೂರಿದ ಮೇಲೆ ಕಾಳು ಉಳಿದರೆ ಸಾಕು,
ಹೊಟ್ಟಿಗೂ ಯಾಕೆ ಬಾಡಿಗೆ ಕಟ್ಟಬೇಕು ಅಂದಿದ್ದೆ.
ಪಕ್ಕದ ಸೀಟಿನ ಕಾಲಿನ್ ಟ್ರೆಜೀಸ್ ನಕ್ಕಿದ್ದ.
ಎಡಗಿವಿಯನ್ನು ಕೂಬರ್ ಪೀಡಿಯ ಸಿಡಿಮದ್ದಿಗೆ
ಕೊಟ್ಟು ಬಂದವನು ಅವನು.
ಅರ್ಧಕ್ಕೆ ಅರ್ಧ ಹಿಂಡಿಸಿಕೊಂಡೇ ಕೇಳುವವನು.

ಯುಕ್ಲಾ ದಾಟುವಾಗ ಟೈರು ಸಿಡಿಯಿತು.
ಎಂಜಿನ್ ಆರಿತು. ನಲ್ಲಾರ್ಬರಿನ ರಾತ್ರಿ ಎಂದರೆ
ನಿನ್ನ ರೆಪ್ಪೆ ಬಡಿದದ್ದು ನಿನಗೇ ಕೇಳುತ್ತದೆ.
ಜ್ಯಾಕು ಏರಿಸುತ್ತ, ಸುಮ್ಮನಿರಲಾರದೆ,
ಮಡ್‌ಗಾರ್ಡಿನ ಮೇಲೆ ಪುಟ್ಟ ಸ್ಪೀಕರಿಟ್ಟು ತಂಬೂರಿ ಹಚ್ಚಿದೆ.
ಹಾಡಿಲ್ಲ, ಮಾತಿಲ್ಲ. ಗದಗಿನ ಸುಶೀಲಾಬಾಯಿ ಕೊಪ್ಪರ
ಶಿಷ್ಯರ ಅಭ್ಯಾಸಕ್ಕೆಂದು ಮಾಡಿಸಿದ್ದ ನಲವತ್ತು ನಿಮಿಷ.

ಕಾಲಿನ್ ತಲೆ ಎತ್ತಿದ: ಎಲ್ಲೋ ನಲ್ಲಿ ಸೋರುತ್ತಿದೆ ನೋಡು.

ಹೌದು. ನಲ್ಲಿಯೇ.
ಗುಳುಗುಳು, ಗುಳುಗುಳು, ಚರಂಡಿಗೆ ಬಿದ್ದ ಷಡ್ಜ.

ನನಗಾಗ ಹತ್ತು ವರ್ಷ. ಅವರ ಮನೆಯಲ್ಲಿ ನನ್ನ ಕೆಲಸ
ಹಾಡುವುದಲ್ಲ, ಕುದುರೆಯ ಮೇಲೆ, ತಂತಿಯ ಕೆಳಗೆ
ನೂಲಿನ ಎಳೆ ಸರಿಸುವುದು.
ಮೇಲೆ, ಇನ್ನೂ ಮೇಲೆ, ಅಯ್ಯೋ ದಸ್ತಗೀರಾ, ಅಷ್ಟಲ್ಲೋ!
ಕೂದಲೆಳೆ ಆಚೆಯಾದರೆ ತಂತಿ ಬರೀ ತಂತಿ.
ಜಾಗಕ್ಕೆ ಬಂದರೆ ಜೇನುಗೂಡಿನ ಬಾಯಿ ತೆರೆಯುತ್ತಿತ್ತು.
ಆ ನೂಲಿಗೆ ಅವರು ಹೇಳುತ್ತಿದ್ದ ಹೆಸರು ಜೀವ.

ಕಿವಿಗೆ ಹೇಗೂ ಕೇಳಿಸದು ಎಂದು
ಯಂತ್ರ ಮೊದಲು ತೆಗೆದುಹಾಕಿದ್ದು
ಅದನ್ನೇ.

ಮುಂದಿನ ಟ್ರಿಪ್ಪಿಗೆ ಹಿಂಡದೆ ತಂದೆ, ಇದ್ದದ್ದು ಇದ್ದ ಹಾಗೆ.
ನಾನೂರು ಎಂಬಿ. ಏಳು ತಾಸಿನ ಹಾಡುಗಾರರನ್ನು
ಒಬ್ಬೊಬ್ಬರನ್ನೇ ಇಳಿಸಬೇಕಾಯಿತು,
ಸಂಕಟವಾಯಿತು, ಒಬ್ಬರಂತೂ ನನ್ನ ನಿಕಾಹದಲ್ಲಿ ಹಾಡಿದವರು.
ಅದೇ ಜಾಗದಲ್ಲಿ, ಟೈರು ನೆಟ್ಟಗಿದ್ದರೂ, ನಿಲ್ಲಿಸಿದೆ.
ಕಾಲಿನ್ ಬಲಗಿವಿ ತಿರುಗಿಸಿ ಕೂತ.
ಬಹಳ ಹೊತ್ತು. ಸಿಗರೇಟು ತಾನಾಗಿಯೇ ಆರಿತು.
ನಮ್ಮಜ್ಜ ಇಲ್ಲೇ ತಂತಿ ಕಾಯುತ್ತಿದ್ದ, ಅಂದ,
ಟೆಲಿಗ್ರಾಫಿನ ಕಾಲದಲ್ಲಿ. ಗಾಳಿ ಎದ್ದ ರಾತ್ರಿ
ಕಂಬಕ್ಕೆ ಕಿವಿ ಹಚ್ಚಿದರೆ ಹಿಂಗೇ ಇರುತ್ತಿತ್ತಂತೆ.
ಈಗ ಆಫೀಸಿನ ಗೋಡೆಗಳೇ ಮರಳಲ್ಲಿ ಹೂತಿವೆ.

ಈಗ ನಮ್ಮ ಹಾಡು ಗಡಿಯ ಹತ್ತಿರ ಮುಗಿಯುತ್ತದೆ.
ಚೆಕ್‌ಪೋಸ್ಟಿನವಳು ಟಾರ್ಚು ಬಿಟ್ಟು
ಎರಡು ಸೇಬು, ಅರ್ಧ ಬಾಟಲಿ ಜೇನು ಕಸಿದುಕೊಳ್ಳುತ್ತಾಳೆ.
ಇನ್ನೇನಾದರೂ ಇದೆಯಾ?
ಇಲ್ಲ ಮೇಡಂ.

ಆಮೇಲೆ ಹನ್ನೆರಡು ಕಿಲೋಮೀಟರು, ಬರೀ ಎಂಜಿನ್ನು.

ಎರಡು ಜಿಬಿಯದ್ದು ತಗೋ ಮಾರಾಯ, ಅಗ್ಗವಾಗಿದೆ,
ಅನ್ನುತ್ತಾನೆ ಕಾಲಿನ್, ಪ್ರತಿ ಸಲ.
ತಗೋಬೇಕು, ಅನ್ನುತ್ತೇನೆ.
ತಗೊಂಡರೆ ಹಾಡು ಪರ್ತಿನವರೆಗೂ ಮುಗಿಯುವುದಿಲ್ಲ,
ಆಗ ಇಲ್ಲಿ ನಿಲ್ಲಲು ನೆಪವೇನು ಎಂದು ಯೋಚಿಸುತ್ತ
ಗೇರು ಇಳಿಸುತ್ತೇನೆ.
ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತ ತಣಿಯುತ್ತದೆ.