ಹನ್ನೆರಡನೆಯ ಮನೆ

ಜುಬೈಲಿನಲ್ಲಿ ನಾವು ಕತ್ತಲಲ್ಲಿ ಚಿತ್ರ ತೆಗೆಯುವವರು.
ಎಲ್ಲರೂ ಸೈಟು ಬಿಟ್ಟ ಮೇಲೆ ಹಳದಿ ಹಗ್ಗ ಕಟ್ಟಿ
ಕೆಂಪು ದೀಪ ತಿರುಗಲು ಬಿಟ್ಟು
ರೊಡೆಲ್ ಹಿಡಿ ತಿರುಗಿಸುತ್ತಾನೆ, ಭಾರದ ಪೆಟ್ಟಿಗೆಯಿಂದ
ಕಣ್ಣಿಗೆ ಕಾಣದ್ದು ಹೊರಟು ಪೈಪಿಗೆ ತಾಗುತ್ತದೆ.
ನಾನು ದೂರ ನಿಂತು ಸೆಕೆಂಡು ಎಣಿಸುತ್ತೇನೆ.
ಬೆಸುಗೆ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ
ಬೂದು ಬಣ್ಣದಲ್ಲಿ ಬಂದು ಕೂರುತ್ತದೆ.

ಬೆಳಗಿನ ಜಾವ ಪೋರ್ಟಾ ಕ್ಯಾಬಿನ್ನು,
ಎಸಿಯ ಗೊರಗೊರ, ಕಾಗದದ ಲೋಟದಲ್ಲಿ ಸುಲೈಮಾನಿ.
ಹನ್ನೊಂದು ಜೋಡು, ಹನ್ನೊಂದು ಚಿತ್ರ,
ಒಂದೇ ಹಾಳೆಯಲ್ಲಿ ಬೇಕು ಎಂದಿದ್ದಾನೆ ಮಿಶಾರಿ.
ಹನ್ನೊಂದು ಯಾರ ಲೆಕ್ಕಕ್ಕೂ ಬಗ್ಗದ ಸಂಖ್ಯೆ.
ಮೂರು ಸಾಲು, ನಾಲ್ಕು ಕಂಬ ಎಂದು ಬರೆದೆ.
ಪರದೆಯ ಮೇಲೆ ಚೆನ್ನೆಮಣೆಯೊಂದು ಬಿಚ್ಚಿಕೊಂಡಿತು.

ಮೊದಲ ಆಟ ಕೆಟ್ಟಿತು.
ಲೂಪು ನಿಯತ್ತಾಗಿಯೇ ಹನ್ನೊಂದು ಸುತ್ತು ಸುತ್ತಿತು;
ಯಾವ ಗುಳಿಗೆ ಎಂದು ನಾನೇ ಹೇಳಿರಲಿಲ್ಲ.
ಮಂಜೊಟ್ಟಿ ಎಲ್ಲ ಕೊನೆಯ ಗುಳಿಗೇ ಬಿದ್ದು
ಒಂದರ ಮೇಲೊಂದು ಮಲಗಿದವು,
ಮೇಲಿನದು ಮಾತ್ರ ಕಾಣುವ ಹಾಗೆ.
ಉಳಿದ ಹನ್ನೊಂದು ಗುಳಿ ಬಾಯಿ ಬಿಟ್ಟುಕೊಂಡಿದ್ದವು.
ನಗು ಬಂತು. ಊರ ತುಂಬ ಖಾಲಿ ಫ್ಲ್ಯಾಟು,
ನಮ್ಮ ಕೋಣೆಯಲ್ಲಿ ಎಂಟು ಜನ.

ಸೊನ್ನೆಯಿಂದ ಎಣಿಸಿ
ಒಂದೊಂದರ ಕೈ ಹಿಡಿದು ಅದರದೇ ಮನೆಗೆ ಬಿಟ್ಟೆ.
ಆಗ ಕಂಡಿತು, ಏಳನೆಯದರಲ್ಲಿ,
ಬೆಸುಗೆಯ ಬುಡಕ್ಕೆ ತಾಗಿ ಕಪ್ಪು ಕೂದಲೆಳೆ.
ಬೆಸುಗೆಗಾರ ಹದಿನೇಳು.
ಅಂದರೆ ಇದಿನಬ್ಬ.
ಎರಡು ಸಲ ಆಗಲೇ ಕತ್ತರಿಸಿದ್ದಾರೆ ಅವನ ಕೆಲಸ.
ಮೂರನೆಯದಕ್ಕೆ ಕೊಡುವುದು ಟಿಕೇಟು.

ಒಂದು ಸಾಲು ಸಾಕಿತ್ತು ನನಗೆ, ಸುಳ್ಳಲ್ಲದ ಸಾಲು:
ಎಲ್ಲ ಚಿತ್ರಕ್ಕೂ ಒಂದೇ ಅಳತೆಯ ಕಪ್ಪು, ಒಂದೇ ಬಿಳಿ.
ಬರೆದೆ.
ಏಳನೆಯ ಮನೆಗೆ ಸಂಜೆಯಾಯಿತು,
ಕೂದಲು ಆ ಸಂಜೆಯೊಳಗೆ ಹೋಯಿತು.
ಎಲ್ಲರಿಗೂ ಒಂದೇ ನ್ಯಾಯ, ಯಾರು ಬೇಡವೆನ್ನುತ್ತಾರೆ?
ಅಳಿಸಿದೆ. ಪ್ರತಿಯೊಂದಕ್ಕೂ
ಅದರದೇ ಕತ್ತಲಿನಿಂದ ಅದರದೇ ಬೆಳಕಿನವರೆಗೆ.
ಕೂದಲು ವಾಪಸು ಬಂತು.
ಮತ್ತೆ ಬರೆದೆ. ಮತ್ತೆ ಅಳಿಸಿದೆ. ಮತ್ತೆ ಬರೆದೆ.
ಸುಲೈಮಾನಿ ಆರಿತು.

ಹೆಲ್ಮೆಟ್ಟು ಕಂಕುಳಲ್ಲಿಟ್ಟು, ಬಾಗಿಲು ತಟ್ಟದೆ ಬಂದ ಇದಿನಬ್ಬ.
ಪರದೆಯಲ್ಲಿ ಆಗ ಇದ್ದದ್ದು ಒಂದೇ ಅಳತೆಯದು,
ಕೂದಲಿಲ್ಲ, ಏನೂ ಇಲ್ಲ.
ಅವನ ಹೆಬ್ಬೆರಳು ಸೀದಾ ಏಳನೆಯ ಮನೆಗೆ ಹೋಗಿ ನಿಂತಿತು.
“ಇಲ್ಲೊಂದು ಉಂಟು.
ಆ ದಿವಸ ಶಮಾಲ್ ಗಾಳಿ. ಡೇರೆಯ ಬಟ್ಟೆ ಹಾರಿತ್ತು.
ಹೊಯಿಗೆ ಒರೆಸಿ ಮುಂದೆ ಹೋದೆ.
ನಿನ್ನ ಮಿಷನ್ನಿಗೆ ಗೊತ್ತಾಗುವ ಮುಂಚೆ
ಕೈಗೆ ಗೊತ್ತಾಗಿತ್ತು ಮಾರಾಯ. ಕತ್ತರಿಸುವ.”

ನಾನು ಸುಮ್ಮನೆ ಕೀಲಿಮಣೆಯ ಧೂಳು ಒರೆಸಿದೆ.

ಅವನ ಕಣ್ಣು ಕೊನೆಗೆ ಜಾರಿತು.
“ಇದೊಂದು ಯಾಕೆ ಖಾಲಿ? ಸೊನ್ನೆ, ಬಿಂದು ಎರಡು,
ಬಿಂದು ನಾಲ್ಕು, ಒಂದರವರೆಗೂ ಬರೆದಿದ್ದೀಯಲ್ಲ?”
ನಾನು ಬರೆದದ್ದಲ್ಲ, ಎಂದೆ.
ಚಿತ್ರ ಬರದಿದ್ದರೂ ಅಳತೆಗೋಲು ಬಂದು ಕೂರುತ್ತದೆ.
ಒಂದು ಸಾಲು ಬರೆದರೆ ಮನೆಯೇ ಕಾಣುವುದಿಲ್ಲ.

“ಬರೆಯಬೇಡ.
ನಾಳೆ ರಾತ್ರಿ ನನ್ನ ಹೊಸ ಜೋಡು ಅಲ್ಲಿಗೆ ಬರ್ತದೆ.”

ಗ್ರೈಂಡರ್ ತರಲು ಹೋದ.
ನಾನು ಆ ಒಂದೇ ಅಳತೆಯ ಸಾಲನ್ನು ತೆಗೆದೆ.
ಏಳರಲ್ಲಿ ಕೂದಲು,
ಹನ್ನೆರಡರಲ್ಲಿ ಸೊನ್ನೆಯಿಂದ ಒಂದರವರೆಗೆ ಬರೀ ಬಿಳಿ.
ಹಾಗೆಯೇ ಕಳಿಸಿದೆ ಮಿಶಾರಿಗೆ.

ಟಿಕೇಟಿನ ಮಾತು
ಇಬ್ಬರೂ ಎತ್ತಿರಲಿಲ್ಲ.